ಗ್ಯಾಲಕ್ಸಿಗಳ ನಕ್ಷೆ ಇಟ್ಟುಕೊಂಡು ವಿಶ್ವದ ಮಾದರಿಗೆ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಆಕಾಶ ವೀಕ್ಷಣೆ ಇಟ್ಟಾಗ ಜನ ಮೊದಲು ನೋಡಬೇಕು ಅನ್ನೋದು ಶನಿಯ ಬಳೆ, ಆಮೇಲೆ ಚಂದ್ರನ ಕುಳಿ. ಕೊನೆಗೆ ಉಳಿದುಕೊಂಡವರು ಕೇಳುವ ಪ್ರಶ್ನೆಗಳೇ ಬೇರೆ. ವಿಶ್ವ ಹೀಗೇ ಇದೆ ಅಂತ ಹೇಗೆ ಗೊತ್ತು, ಬಿಗ್ ಬ್ಯಾಂಗ್ ಸುಳ್ಳಂತೆ ಹೌದಾ, ಡಾರ್ಕ್ ಮ್ಯಾಟರ್ ಅನ್ನೋದು ಸುಮ್ನೆ ಊಹೆ ಅಲ್ವಾ, ಇಂಥವು. ಅವಕ್ಕೆಲ್ಲ ನಿಂತಲ್ಲೇ ಉತ್ತರ ಹೇಳಿ ಮುಗಿಯುವುದಿಲ್ಲ, ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ವಿಶ್ವದ ರಚನೆ ಅಂದರೆ ಏನು?

ಗ್ಯಾಲಕ್ಸಿಗಳು ಆಕಾಶದಲ್ಲಿ ಹೇಗೆಂದರೆ ಹಾಗೆ ಚೆಲ್ಲಿಕೊಂಡಿಲ್ಲ. ಗುಂಪುಗಳಿವೆ, ಗುಂಪುಗಳನ್ನು ಸೇರಿಸುವ ಉದ್ದನೆಯ ಎಳೆಗಳಿವೆ, ಎಳೆಗಳ ನಡುವೆ ಕೋಟಿಗಟ್ಟಲೆ ಜ್ಯೋತಿರ್ವರ್ಷ ಅಗಲದ ಖಾಲಿ ಜಾಗಗಳಿವೆ. ಇದನ್ನೇ ಕಾಸ್ಮಿಕ್ ವೆಬ್ ಅನ್ನುತ್ತಾರೆ. ಅಮೆರಿಕದಲ್ಲಿ ವ್ಯಾಲೆರಿ ಡಿ ಲಾಪರಾಂ, ಮಾರ್ಗರೆಟ್ ಗೆಲ್ಲರ್, ಜಾನ್ ಹಕ್ರಾ ಈ ಮೂವರು ಸುಮಾರು 1,100 ಗ್ಯಾಲಕ್ಸಿಗಳ ದೂರ ಅಳೆದು, ಆಕಾಶದ ಒಂದು ಹೋಳಿನ ನಕ್ಷೆಯನ್ನು 1986ರಲ್ಲಿ ಪ್ರಕಟಿಸಿದಾಗ ಈ ಗುಳ್ಳೆಗುಳ್ಳೆಯ ಆಕಾರ ಕಣ್ಣಿಗೆ ಹೊಡೆಯುವಂತೆ ಕಂಡಿತು. ಈಗಿನ ನಕ್ಷೆಗಳಲ್ಲಿ ಕೋಟಿಗೂ ಮೀರಿ ಗ್ಯಾಲಕ್ಸಿಗಳಿವೆ.

ನಮ್ಮ ಕಡೆಯಿಂದ ಇದು ಕಾಣುತ್ತಾ?

ಇಡೀ ರಚನೆ ಕಾಣುವುದಿಲ್ಲ, ಒಂದು ಗಂಟು ಮಾತ್ರ ಕಾಣುತ್ತದೆ. ಕನ್ಯಾ ರಾಶಿಯಲ್ಲಿರುವ ವರ್ಗೋ ಗುಂಪು ನಮ್ಮಿಂದ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರ, ಅದರಲ್ಲಿ ಸಾವಿರಕ್ಕೂ ಜಾಸ್ತಿ ಗ್ಯಾಲಕ್ಸಿಗಳಿವೆ. ನಮ್ಮ ಅದೃಷ್ಟ ಏನೆಂದರೆ ಗದಗ, ಧಾರವಾಡದಿಂದ ಅದು ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದುಹೋಗುತ್ತದೆ. ಏಪ್ರಿಲ್ ಮಧ್ಯದಲ್ಲಿ ರಾತ್ರಿ ಹನ್ನೊಂದು, ಹನ್ನೊಂದೂವರೆ ಸುಮಾರಿಗೆ, ಕಪ್ಪತಗುಡ್ಡದ ಕಡೆ ದೀಪ ಕಮ್ಮಿ ಇರುವ ಜಾಗ ಹುಡುಕಿ, ಎಂಟು ಇಂಚಿನ ದೂರದರ್ಶಕ ಹಚ್ಚಿದರೆ ಆ ಗುಂಪಿನ ದೊಡ್ಡ ಗ್ಯಾಲಕ್ಸಿ ಎಂ87 ಮಸುಕಾದ ಬೂದು ಚುಕ್ಕೆಯಾಗಿ ಸಿಗುತ್ತದೆ. ಬಣ್ಣ ಇಲ್ಲ, ಸುರುಳಿ ಇಲ್ಲ. ದೂರದರ್ಶಕವನ್ನು ಅಲ್ಲೇ ಸ್ವಲ್ಪ ಅತ್ತಿತ್ತ ಸರಿಸಿ ನೋಡಿ, ಇನ್ನೊಂದು ಚುಕ್ಕೆ ಬರುತ್ತದೆ, ಮತ್ತೊಂದು ಬರುತ್ತದೆ. ಆಕಾಶದ ಬೇರೆ ಕಡೆ ಹೀಗೆ ಒತ್ತೊತ್ತಾಗಿ ಸಿಗುವುದಿಲ್ಲ.

ಮಾದರಿ ಅಂದರೆ ಏನು? ಯಾರೋ ಕಟ್ಟಿದ ಕಥೆಯಾ?

ಕಥೆಗೂ ಮಾದರಿಗೂ ಇರುವ ವ್ಯತ್ಯಾಸ ಇಷ್ಟೇ: ಮಾದರಿ ಮೊದಲೇ ಅಂಕಿ ಹೇಳಬೇಕು, ಆಕಾಶ ನೋಡುವುದು ಆಮೇಲೆ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದೂ ಇದನ್ನೇ, ಉಳಿದದ್ದೆಲ್ಲ ಇದರ ಉದಾಹರಣೆಗಳು.

ಈಗ ಚಾಲ್ತಿಯಲ್ಲಿರುವ ಮಾದರಿಯ ಪ್ರಕಾರ ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ. ಅದರಲ್ಲಿ ನಮಗೆ ಗೊತ್ತಿರುವ ಸಾಮಾನ್ಯ ವಸ್ತು ನೂರಕ್ಕೆ 5 ಪಾಲು, ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ವಸ್ತು) ಸುಮಾರು 27, ಉಳಿದ 68 ಡಾರ್ಕ್ ಎನರ್ಜಿ (ವಿಶ್ವದ ಹಿಗ್ಗುವಿಕೆಯನ್ನು ಜೋರು ಮಾಡುವ ಏನೋ ಒಂದು). ಇದಕ್ಕೆ ಲ್ಯಾಂಬ್ಡಾ-ಸಿಡಿಎಂ ಅಂತ ಹೆಸರು: ಲ್ಯಾಂಬ್ಡಾ ಅಂದರೆ ಡಾರ್ಕ್ ಎನರ್ಜಿ, ಸಿಡಿಎಂ ಅಂದರೆ ನಿಧಾನ ಚಲಿಸುವ (ಕೋಲ್ಡ್) ಡಾರ್ಕ್ ಮ್ಯಾಟರ್. ಆರೇ ಆರು ಅಂಕಿ ಕೊಟ್ಟರೆ ಸಾಕು, ಆದಿಯ ಬೆಳಕು ಹೇಗಿರಬೇಕು, ಗ್ಯಾಲಕ್ಸಿಗಳು ಎಷ್ಟು ಒತ್ತಾಗಿ ಗುಂಪುಗೂಡಬೇಕು, ಎಲ್ಲವನ್ನೂ ಲೆಕ್ಕ ಹಾಕಿ ಹೇಳುತ್ತದೆ. ಹಾಗೆ ಹೇಳುವುದರಿಂದಲೇ ಅದನ್ನು ಹಿಡಿದು ಪರೀಕ್ಷಿಸಲು ಬರುತ್ತದೆ.

ಆದಿಯ ಬೆಳಕು ಅಂದರೆ ಬಿಗ್ ಬ್ಯಾಂಗ್ ಆದ ಸುಮಾರು 3,80,000 ವರ್ಷಗಳ ನಂತರ ಹೊರಟದ್ದು. ಈಗ ಮೈಕ್ರೋವೇವ್ ಆಗಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ, ಉಷ್ಣತೆ 2.7 ಕೆಲ್ವಿನ್. ಅದರಲ್ಲಿ ಲಕ್ಷಕ್ಕೆ ಒಂದರಷ್ಟು ಏರುಪೇರಿದೆ. ಆ ಏರುಪೇರೇ ಬೆಳೆದು ಗ್ಯಾಲಕ್ಸಿಗಳಾಯಿತು ಅನ್ನುವುದು ಮಾದರಿಯ ವಾದ. ಅಂದರೆ ಶುರು ಹೇಗಿತ್ತು ಅನ್ನುವುದಕ್ಕೂ ಚಿತ್ರ ಇದೆ, ಈಗ ಹೇಗಿದೆ ಅನ್ನುವುದಕ್ಕೂ ನಕ್ಷೆ ಇದೆ. ನಡುವಿನ ಲೆಕ್ಕ ಕೂಡಿ ಬರಬೇಕು, ಅಷ್ಟೇ.

ಅಷ್ಟು ದೂರದ್ದರ ಅಳತೆ ಹೇಗೆ ಸಿಗುತ್ತದೆ?

ಗದಗದಲ್ಲಿ ಒಬ್ಬ ಅಜ್ಜ ಇದನ್ನೇ ಕೇಳಿದ್ದರು: "ಟೇಪ್ ಹಿಡಿಯಾಕ ಬರೂದಿಲ್ಲ, ಮತ್ತ ಹೆಂಗ ಅಳೀತಾರ್ರೀ?" ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುತ್ತಾರೆ. ಪ್ರತಿ ಧಾತುವೂ ಬೆಳಕಿನಲ್ಲಿ ತನ್ನದೇ ಗೆರೆಗಳನ್ನು ಬಿಡುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಗ್ಯಾಲಕ್ಸಿಯ ಗೆರೆಗಳು ಕೆಂಪಿನ ಕಡೆ ಸರಿದಿರುತ್ತವೆ, ಜಾಸ್ತಿ ಸರಿದಿದ್ದರೆ ಜಾಸ್ತಿ ದೂರ. ಇದೇ ರೆಡ್‌ಶಿಫ್ಟ್.

ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ, ಯಾಕೆಂದರೆ ಇದು ಎಲ್ಲೂ ವಿವರವಾಗಿ ಸಿಗುವುದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಆಕಾಶದ ನಕ್ಷೆ ಮಾಡುವ ಸ್ಲೋನ್ ಸರ್ವೇಯ ಎರಡೂವರೆ ಮೀಟರ್ ದೂರದರ್ಶಕ 2000ದಲ್ಲಿ ಕೆಲಸ ಶುರು ಮಾಡಿತು. ಆಕಾಶದ ಒಂದೊಂದು ತುಂಡಿಗೂ ಒಂದೊಂದು ಅಲ್ಯೂಮಿನಿಯಂ ತಟ್ಟೆ. ಆ ತುಂಡಿನಲ್ಲಿ ಯಾವ್ಯಾವ ಗ್ಯಾಲಕ್ಸಿ ಎಲ್ಲೆಲ್ಲಿದೆಯೋ ತಟ್ಟೆಯ ಮೇಲೆ ಸರಿಯಾಗಿ ಅಲ್ಲಲ್ಲೇ ತೂತು ಕೊರೆದಿರುತ್ತಿದ್ದರು, ಒಂದು ತಟ್ಟೆಗೆ 640 ತೂತು. ಹಗಲು ಹೊತ್ತು ತಂತ್ರಜ್ಞರು ಕೂತು ಒಂದೊಂದು ತೂತಿಗೂ ಕೈಯಿಂದಲೇ ಒಂದೊಂದು ಆಪ್ಟಿಕಲ್ ಫೈಬರ್ ಸಿಕ್ಕಿಸುತ್ತಿದ್ದರು. ರಾತ್ರಿ ತಟ್ಟೆಯನ್ನು ದೂರದರ್ಶಕಕ್ಕೆ ಹಾಕಿದರೆ ಪ್ರತಿ ಫೈಬರಿನಲ್ಲೂ ಒಂದೇ ಒಂದು ಗ್ಯಾಲಕ್ಸಿಯ ಬೆಳಕು. ಇಂಥ ಸಾವಿರಾರು ತಟ್ಟೆಗಳ ಮೇಲೆ ನಿಂತಿದೆ ನಮ್ಮ ವಿಶ್ವದ ನಕ್ಷೆ. ಈಗ ಅರಿಜೋನಾದ ಕಿಟ್ ಪೀಕ್‌ನಲ್ಲಿ ಡೆಸಿ ಅನ್ನುವ ಉಪಕರಣದಲ್ಲಿ 5,000 ಪುಟ್ಟ ರೋಬಾಟ್‌ಗಳು ಈ ಕೆಲಸ ಮಾಡುತ್ತವೆ, ಒಂದೆರಡು ನಿಮಿಷದಲ್ಲಿ ಜಾಗ ಬದಲಿಸಿ ಮುಂದಿನ ತುಂಡಿಗೆ ಸಿದ್ಧ.

ನಕ್ಷೆ ಸಿಕ್ಕಿತು. ಮಾದರಿಗೆ ಹೋಲಿಸುವುದು ಹೇಗೆ? ಕಣ್ಣಳತೆಯಲ್ಲಾ?

ಕಣ್ಣಳತೆ ನಂಬಬಾರದು. ಮನುಷ್ಯನ ಕಣ್ಣಿಗೆ ಎಲ್ಲೆಲ್ಲೂ ಆಕಾರ ಕಾಣುತ್ತದೆ. ಅದಕ್ಕೇ ಜೋಡಿ ಎಣಿಸುತ್ತಾರೆ.

ಹತ್ತು ಸಾವಿರ ಗ್ಯಾಲಕ್ಸಿ ತಗೊಳ್ಳಿ. ಪ್ರತಿಯೊಂದರಿಂದ ಉಳಿದೆಲ್ಲಕ್ಕೂ ಎಷ್ಟು ದೂರ ಅಂತ ಲೆಕ್ಕ ಮಾಡಿ, ಸುಮಾರು 5 ಕೋಟಿ ಜೋಡಿ ಆಗುತ್ತದೆ. ಒಂದು ಕೋಟಿ ಜ್ಯೋತಿರ್ವರ್ಷ ದೂರ ಇರುವ ಜೋಡಿ ಎಷ್ಟು, ಎರಡು ಕೋಟಿಯವು ಎಷ್ಟು ಅಂತ ಬೇರೆಬೇರೆ ಮಾಡಿ. ಈಗ ಅಷ್ಟೇ ಜಾಗದಲ್ಲಿ ಕಂಪ್ಯೂಟರಿನಿಂದ ಹತ್ತು ಸಾವಿರ ಚುಕ್ಕೆಗಳನ್ನು ಮನಬಂದಂತೆ ಹಾಕಿಸಿ, ಅವಕ್ಕೂ ಇದೇ ಲೆಕ್ಕ ಮಾಡಿ. ನಿಜವಾದ ಜೋಡಿಗಳು ಎಷ್ಟು ಜಾಸ್ತಿ ಬಂದವೋ ಅದೇ ಗುಂಪುಗೂಡಿಕೆಯ ಅಳತೆ. ಸುಮಾರು 2 ಕೋಟಿ ಜ್ಯೋತಿರ್ವರ್ಷದ ದೂರದಲ್ಲಿ ನಿಜವಾದ ಜೋಡಿಗಳು ಎರಡು ಪಟ್ಟು ಸಿಗುತ್ತವೆ, ದೂರ ಹೆಚ್ಚಿದಂತೆ ಈ ಹೆಚ್ಚುವರಿ ಕರಗುತ್ತಾ ಹೋಗುತ್ತದೆ. ಎಷ್ಟು ಬೇಗ ಕರಗುತ್ತದೆ ಅನ್ನುವುದು ಒಂದೊಂದು ಮಾದರಿಗೂ ಒಂದೊಂದು ಥರ. ಮಾದರಿ ಕಡೆಯವರೂ ಕಂಪ್ಯೂಟರಿನಲ್ಲಿ ವಿಶ್ವ ಕಟ್ಟಿ (2005ರ ಮಿಲೇನಿಯಂ ಸಿಮ್ಯುಲೇಶನ್‌ನಲ್ಲಿ ಸುಮಾರು 1,000 ಕೋಟಿ ಕಣಗಳಿದ್ದವು) ಅಲ್ಲೂ ಇದೇ ಎಣಿಕೆ ಮಾಡುತ್ತಾರೆ. ಎರಡು ಗೆರೆ ಒಂದರ ಮೇಲೊಂದು ಕೂರಬೇಕು.

50 ಕೋಟಿ ಜ್ಯೋತಿರ್ವರ್ಷದ ಅಳತೆ ಅಂತ ಓದಿದ್ದೆ, ಅದೇನು?

ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ಮೊದಲ 3,80,000 ವರ್ಷ ವಿಶ್ವ ಕುದಿಯುವ ಪ್ಲಾಸ್ಮಾ (ಪರಮಾಣುಗಳು ಒಡೆದೇ ಇರುವಷ್ಟು ಬಿಸಿಯಾದ ಅನಿಲ) ಆಗಿತ್ತು. ವಸ್ತು ಒತ್ತಾಗಿದ್ದ ಜಾಗದಿಂದ ಒತ್ತಡದ ಅಲೆ ಹೊರಟಿತು, ಶಬ್ದದ ಅಲೆಯೇ ಅದು, ಆದರೆ ವೇಗ ಬೆಳಕಿನ ವೇಗದ ಅರ್ಧಕ್ಕಿಂತಲೂ ಜಾಸ್ತಿ. ವಿಶ್ವ ತಣ್ಣಗಾಗಿ ಪರಮಾಣುಗಳು ಹುಟ್ಟಿದ ಕೂಡಲೇ ಬೆಳಕು ಬಿಡಿಸಿಕೊಂಡು ಹೊರಟುಹೋಯಿತು, ಅಲೆ ಅಲ್ಲೇ ನಿಂತಿತು. ನಿಂತ ಜಾಗದಲ್ಲಿ ವಸ್ತು ಚೂರು ಜಾಸ್ತಿ ಉಳಿಯಿತು. ಆಮೇಲೆ ವಿಶ್ವ ಹಿಗ್ಗಿ ಆ ದೂರ ಈಗ ಸುಮಾರು 50 ಕೋಟಿ ಜ್ಯೋತಿರ್ವರ್ಷ ಆಗಿದೆ. ಹಾಗಿದ್ದರೆ ಸರಿಯಾಗಿ ಅಷ್ಟು ದೂರ ಇರುವ ಗ್ಯಾಲಕ್ಸಿ ಜೋಡಿಗಳು ನೂರಕ್ಕೆ ಒಂದರಷ್ಟು ಜಾಸ್ತಿ ಸಿಗಬೇಕು.

ಇಂಥ ಅಲೆಗಳ ಲೆಕ್ಕ ಬಂದದ್ದು 1970ರಲ್ಲಿ. ಅಮೆರಿಕದಲ್ಲಿ ಪೀಬಲ್ಸ್ ಮತ್ತು ಯು, ಸೋವಿಯತ್ ದೇಶದಲ್ಲಿ ಸುನ್ಯಾಯೆವ್ ಮತ್ತು ಝೆಲ್ಡೊವಿಚ್, ಬೇರೆಬೇರೆಯಾಗಿ. ಆಗ ಅದನ್ನು ನೋಡಲು ಸಾಕಾಗುವ ನಕ್ಷೆ ಯಾರ ಹತ್ತಿರವೂ ಇರಲಿಲ್ಲ. 2005ರಲ್ಲಿ ಸ್ಲೋನ್ ತಂಡ 46,748 ಕೆಂಪು ಗ್ಯಾಲಕ್ಸಿಗಳ ಜೋಡಿ ಎಣಿಸಿದಾಗ ಗ್ರಾಫಿನಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಸಣ್ಣ ಉಬ್ಬು. ಆಸ್ಟ್ರೇಲಿಯಾದಿಂದ ನಡೆದ 2ಡಿಎಫ್ ಸರ್ವೇಯ ತಂಡಕ್ಕೂ ಅದೇ ವರ್ಷ ಅದೇ ಗುರುತು ಸಿಕ್ಕಿತು. ಲೆಕ್ಕ ಹಾಕಿ 35 ವರ್ಷ ಕಾದರು ನೋಡಿ. ಪೀಬಲ್ಸ್ ಅವರಿಗೆ 2019ರಲ್ಲಿ ನೊಬೆಲ್ ಬಂತು.

ಈ ದೂರ ಒಂದು ಅಳತೆಗೋಲಾಗಿಯೂ ಕೆಲಸಕ್ಕೆ ಬರುತ್ತದೆ. ಬೇರೆಬೇರೆ ಕಾಲದ ಗ್ಯಾಲಕ್ಸಿಗಳಲ್ಲಿ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ನೋಡಿದರೆ ವಿಶ್ವ ಯಾವಾಗ ಎಷ್ಟು ವೇಗದಲ್ಲಿ ಹಿಗ್ಗುತ್ತಿತ್ತು ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಪರೀಕ್ಷೆ ಮಾಡಿ ಯಾವುದಾದರೂ ಮಾದರಿ ಬಿದ್ದಿದೆಯಾ?

ಬೇಕಾದಷ್ಟು. ವಿಶ್ವಕ್ಕೆ ಆದಿಯೇ ಇಲ್ಲ, ಯಾವಾಗ ನೋಡಿದರೂ ಒಂದೇ ಥರ ಅನ್ನುವ ಸ್ಥಿರ ಸ್ಥಿತಿ ಮಾದರಿಯನ್ನು 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ಕೊಟ್ಟರು. ದೂರದ, ಅಂದರೆ ಹಳೆಯ ಕಾಲದ ರೇಡಿಯೋ ಗ್ಯಾಲಕ್ಸಿಗಳನ್ನು ಎಣಿಸಿದಾಗ ಈಗಿನದಕ್ಕಿಂತ ಸಂಖ್ಯೆ ಬೇರೆ ಬಂತು, 1965ರಲ್ಲಿ ಆದಿಯ ಬೆಳಕೂ ಸಿಕ್ಕಿತು, ಬಹುತೇಕರು ಆ ಮಾದರಿ ಬಿಟ್ಟರು. ನಮ್ಮ ಪಕ್ಕದ ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರಳೀಕರ್ ಹಾಯ್ಲ್ ಜೊತೆ ದುಡಿದವರು, ಪುಣೆಯಲ್ಲಿ ಐಯುಕಾ ಸಂಸ್ಥೆ ಕಟ್ಟಿದವರು. ಅವರು ಕೊನೆಯವರೆಗೂ ಬಿಗ್ ಬ್ಯಾಂಗ್ ಒಪ್ಪಲಿಲ್ಲ. ಅವರ ಮಾದರಿಗೆ ಬೆಂಬಲ ಸಿಗಲಿಲ್ಲ, ಆದರೆ ಗಣಿತ ಬರೆದು ಮುಂದಿಟ್ಟು ವಾದ ಮಾಡಿದ್ದರಿಂದ ಅವರ ಬಗ್ಗೆ ನನಗೆ ಬಹಳ ಗೌರವ.

ಎರಡನೆಯದು ನ್ಯೂಟ್ರಿನೋ. ಡಾರ್ಕ್ ಮ್ಯಾಟರ್ ಅಂದರೆ ನ್ಯೂಟ್ರಿನೋನೇ ಇರಬಹುದು ಅಂತ 1980ರ ಸುಮಾರಿಗೆ ಎಷ್ಟೋ ಜನ ನಂಬಿದ್ದರು. ನ್ಯೂಟ್ರಿನೋ ತೀರಾ ವೇಗದ ಕಣ, ಸಣ್ಣ ಗಂಟುಗಳನ್ನು ನಿಲ್ಲಗೊಡುವುದಿಲ್ಲ. ಹಾಗಾಗಿ ಮೊದಲು ಮಹಾ ಗುಂಪುಗಳು ಹುಟ್ಟಿ ಆಮೇಲೆ ಒಡೆದು ಗ್ಯಾಲಕ್ಸಿ ಆಗಬೇಕಾಗುತ್ತದೆ. 1983ರಲ್ಲಿ ವೈಟ್, ಫ್ರೆಂಕ್, ಡೇವಿಸ್ ಕಂಪ್ಯೂಟರಿನಲ್ಲಿ ಇದನ್ನು ಓಡಿಸಿ ನೋಡಿದರು, ಬಂದ ನಕ್ಷೆ ಆಕಾಶದ ನಕ್ಷೆಗೆ ಹೊಂದಲೇ ಇಲ್ಲ.

ಮೂರನೆಯದು ಕಡಿಮೆ ಜನಕ್ಕೆ ಗೊತ್ತು. ಡಾರ್ಕ್ ಎನರ್ಜಿ 1998ರಲ್ಲಿ ಸೂಪರ್ನೋವಾಗಳಿಂದ (ಸಿಡಿಯುವ ನಕ್ಷತ್ರಗಳಿಂದ) ಪತ್ತೆಯಾಯಿತು ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೆ 2011ರಲ್ಲಿ ನೊಬೆಲ್ ಕೂಡ ಬಂತು. ಆದರೆ 1990ರಲ್ಲೇ ಎಫ್‌ಸ್ಟಾಥಿಯೂ, ಸದರ್ಲೆಂಡ್, ಮ್ಯಾಡಾಕ್ಸ್ ಗ್ಯಾಲಕ್ಸಿ ನಕ್ಷೆ ಇಟ್ಟುಕೊಂಡು, ದೊಡ್ಡ ಅಳತೆಯಲ್ಲಿ ಗುಂಪುಗೂಡಿಕೆ ನಿರೀಕ್ಷೆಗಿಂತ ಜಾಸ್ತಿ ಇದೆ, ಬರೀ ವಸ್ತುವಿನಿಂದ ಇದು ಕೂಡಿ ಬರುವುದಿಲ್ಲ, ಐನ್‌ಸ್ಟೈನ್ ತಮ್ಮ ಸಮೀಕರಣಕ್ಕೆ ಸೇರಿಸಿ ಆಮೇಲೆ ಕೈಬಿಟ್ಟ ಆ ಲ್ಯಾಂಬ್ಡಾ ಬೇಕಾಗುತ್ತದೆ ಅಂದಿದ್ದರು.

ಡಾರ್ಕ್ ಮ್ಯಾಟರ್ ಕಾಣುವುದೇ ಇಲ್ಲವಲ್ಲ. ಗ್ಯಾಲಕ್ಸಿ ಎಣಿಸಿದರೆ ಅದರ ಲೆಕ್ಕ ಹೇಗೆ ಸಿಗುತ್ತದೆ?

ಒಳ್ಳೆಯ ಆಕ್ಷೇಪ. ರಾತ್ರಿ ನೃಪತುಂಗ ಬೆಟ್ಟದ ಮೇಲೆ ನಿಂತು ಹುಬ್ಬಳ್ಳಿಯ ದೀಪ ನೋಡಿದರೆ ಜನ ಎಲ್ಲಿದ್ದಾರೆ ಅಂತ ಅಂದಾಜು ಸಿಗುತ್ತದೆ. ಆದರೆ ಪೇಟೆಯಲ್ಲಿ ಜನಕ್ಕಿಂತ ದೀಪ ಜಾಸ್ತಿ, ಹೊರವಲಯದ ಹಳ್ಳಿಗಳಲ್ಲಿ ಜನ ಇದ್ದರೂ ದೀಪ ಕಮ್ಮಿ. ಗ್ಯಾಲಕ್ಸಿಗಳೂ ಹಾಗೇ ವಸ್ತು ಬಹಳ ಒತ್ತಾಗಿರುವಲ್ಲಿ ಜಾಸ್ತಿ ಹುಟ್ಟುತ್ತವೆ. ಈ ಓರೆಯನ್ನು ಲೆಕ್ಕದಿಂದ ತೆಗೆಯಬೇಕು, ತೆಗೆಯುವುದು ಸುಲಭ ಇಲ್ಲ.

ಅದಕ್ಕೆ ಇನ್ನೊಂದು ದಾರಿ ಇದೆ, ಗುರುತ್ವ ಮಸೂರ. ದೂರದ ಗ್ಯಾಲಕ್ಸಿಯ ಬೆಳಕು ನಮ್ಮ ಕಡೆ ಬರುವಾಗ ದಾರಿಯಲ್ಲಿ ಸಿಗುವ ಎಲ್ಲ ವಸ್ತುವೂ, ಕಾಣುವುದೂ ಕಾಣದ್ದೂ, ಅದನ್ನು ಚೂರು ಬಾಗಿಸುತ್ತದೆ. ಒಂದು ಗ್ಯಾಲಕ್ಸಿಯ ಆಕಾರದಲ್ಲಿ ಇದು ಗೊತ್ತೇ ಆಗುವುದಿಲ್ಲ, ಕೋಟಿಗಟ್ಟಲೆ ಗ್ಯಾಲಕ್ಸಿಗಳ ಸರಾಸರಿಯಲ್ಲಿ ಹೊರಬೀಳುತ್ತದೆ. ಇಲ್ಲಿ ಕೆಲವು ವರ್ಷ ಒಂದು ಜಗಳ ಇತ್ತು. ಪ್ಲಾಂಕ್ ಉಪಗ್ರಹ ಅಳೆದ ಆದಿಯ ಬೆಳಕಿನಿಂದ ಲೆಕ್ಕ ಹಾಕಿದರೆ ಇಂದಿನ ವಿಶ್ವ ಇಷ್ಟು ಗಂಟುಗಂಟಾಗಿರಬೇಕು ಅಂತ ಬರುತ್ತಿತ್ತು, ಮಸೂರದ ಸರ್ವೇಗಳಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿ ಬರುತ್ತಿತ್ತು. 2025ರಲ್ಲಿ ಕಿಡ್ಸ್ ಸರ್ವೇಯವರು ಪೂರ್ತಿ ದತ್ತಾಂಶವನ್ನು, ಗ್ಯಾಲಕ್ಸಿಗಳ ದೂರ ಇನ್ನೂ ಚೆನ್ನಾಗಿ ಸರಿಪಡಿಸಿಕೊಂಡು, ಮತ್ತೆ ನೋಡಿದಾಗ ಪ್ಲಾಂಕ್ ಲೆಕ್ಕಕ್ಕೆ ಹೊಂದಿಕೊಂಡಿತು. ಮಾದರಿಯ ತಪ್ಪೋ ಅಳತೆಯ ತಪ್ಪೋ ಅಂತ ಬೇರೆ ಮಾಡುವುದೇ ಈ ಕೆಲಸದ ಅರ್ಧಕ್ಕಿಂತ ಜಾಸ್ತಿ.

ಡಾರ್ಕ್ ಮ್ಯಾಟರ್ ಬೇಡ, ಗುರುತ್ವದ ನಿಯಮವನ್ನೇ ಬದಲಿಸಬಹುದಲ್ಲ?

1983ರಲ್ಲಿ ಮಿಲ್‌ಗ್ರೋಮ್ ಹೇಳಿದ್ದು ಅದನ್ನೇ, ಮಾಂಡ್ ಅಂತ ಅದರ ಹೆಸರು. ಒಂದೊಂದೇ ಗ್ಯಾಲಕ್ಸಿ ತಿರುಗುವ ವೇಗವನ್ನು ಅದು ಚೆನ್ನಾಗಿಯೇ ಹೇಳುತ್ತದೆ, ಇದನ್ನು ಮುಚ್ಚಿಡಬಾರದು. ಸೋಲುವುದು ದೊಡ್ಡ ಅಳತೆಯಲ್ಲಿ. ಆದಿಯ ಬೆಳಕಿನಲ್ಲಿದ್ದ ಏರುಪೇರು ಲಕ್ಷಕ್ಕೆ ಒಂದು. ಬರೀ ಸಾಮಾನ್ಯ ವಸ್ತು, ಮಾಮೂಲಿ ಗುರುತ್ವ ಇದ್ದರೆ ಅದು ಇವತ್ತಿಗೆ ಸುಮಾರು ಸಾವಿರ ಪಟ್ಟು ಬೆಳೆದಿರುತ್ತಿತ್ತು. ಅಂದರೆ ನೂರಕ್ಕೆ ಒಂದು, ಅಷ್ಟರಿಂದ ಗ್ಯಾಲಕ್ಸಿ ಹುಟ್ಟುವುದೇ ಇಲ್ಲ. ಬೆಳಕಿನ ಜೊತೆ ಸಿಕ್ಕಿಹಾಕಿಕೊಳ್ಳದೆ ಮೊದಲೇ ಗಂಟು ಕಟ್ಟಲು ಶುರು ಮಾಡಿದ ಏನೋ ಒಂದು ಬೇಕೇ ಬೇಕು. ಡಾರ್ಕ್ ಮ್ಯಾಟರ್ ಆ ಕೆಲಸ ಮಾಡುತ್ತದೆ. ಗುರುತ್ವ ಬದಲಿಸುವವರು ಆದಿಯ ಬೆಳಕನ್ನೂ ಗ್ಯಾಲಕ್ಸಿ ನಕ್ಷೆಯನ್ನೂ ಒಟ್ಟಿಗೆ ಕೂಡಿಸಬೇಕು, ಅದು ಬಹಳ ಕಷ್ಟದ ಕೆಲಸ.

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಬಿಗ್ ಬ್ಯಾಂಗ್ ಸುಳ್ಳು ಅಂತ ತೋರಿಸಿತಂತೆ?

ಇಲ್ಲ. ಹಾಗಂತ ಹೇಳುವ ವಿಡಿಯೋ ಎಲ್ಲ ವಾಟ್ಸಾಪ್ ಗುಂಪಿನಲ್ಲೂ ಬಂದಿದೆ, ದಯವಿಟ್ಟು ಮುಂದೆ ಕಳಿಸಬೇಡಿ. ವೆಬ್ ಕಂಡದ್ದು ವಿಶ್ವ ಹುಟ್ಟಿ 30 ಕೋಟಿ ವರ್ಷ ಆಗುವುದರೊಳಗೆ ಇದ್ದ ಗ್ಯಾಲಕ್ಸಿಗಳನ್ನು, ಅವು ಅಂದುಕೊಂಡದ್ದಕ್ಕಿಂತ ಪ್ರಕಾಶಮಾನವಾಗಿದ್ದವು. ಮೊದಲ ನಕ್ಷತ್ರಗಳು ಎಷ್ಟು ಬೇಗ ಹುಟ್ಟಿದವು ಅನ್ನುವ ನಮ್ಮ ತಿಳಿವಳಿಕೆಗೆ ಇದು ನಿಜವಾದ ಸವಾಲು. ಬಹಳ ಭಾರ ಅಂದುಕೊಂಡಿದ್ದ ಕೆಲವು ಗ್ಯಾಲಕ್ಸಿಗಳ ಬೆಳಕಿನಲ್ಲಿ ಕಪ್ಪುಕುಳಿಯ ಪಾಲೂ ಇದೆ ಅಂತ ಆಮೇಲೆ ಗೊತ್ತಾಯಿತು.

ಹಾಗಾದರೆ ಈಗಿನ ಮಾದರಿಯಲ್ಲಿ ಬಿರುಕೇ ಇಲ್ಲವಾ?

ಇದೆ. ವಿಶ್ವ ಹಿಗ್ಗುವ ವೇಗ ಪ್ಲಾಂಕ್ ಲೆಕ್ಕದಲ್ಲಿ ಪ್ರತಿ ಮೆಗಾಪಾರ್ಸೆಕ್‌ಗೆ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷಕ್ಕೆ) ಸೆಕೆಂಡಿಗೆ 67.4 ಕಿಲೋಮೀಟರ್, ಹತ್ತಿರದ ಸೂಪರ್ನೋವಾಗಳಿಂದ ಅಳೆದರೆ ಸುಮಾರು 73. ಎರಡೂ ತಂಡ ವರ್ಷಗಟ್ಟಲೆ ಲೆಕ್ಕ ತಿದ್ದಿದರೂ ಅಂತರ ಹೋಗಿಲ್ಲ.

ಇನ್ನೂ ಕುತೂಹಲದ್ದು ಡೆಸಿಯದು. 2024ರ ಏಪ್ರಿಲ್‌ನಲ್ಲಿ ಮೊದಲ ವರ್ಷದ ಫಲಿತಾಂಶ, 2025ರ ಮಾರ್ಚ್‌ನಲ್ಲಿ ಮೂರು ವರ್ಷದ್ದು, ಒಂದು ಕೋಟಿ 40 ಲಕ್ಷದಷ್ಟು ಗ್ಯಾಲಕ್ಸಿ ಮತ್ತು ಕ್ವೇಸಾರ್‌ಗಳು (ಕಪ್ಪುಕುಳಿಯಿಂದಾಗಿ ಅತಿ ಪ್ರಕಾಶಮಾನವಾದ ಗ್ಯಾಲಕ್ಸಿ ಕೇಂದ್ರಗಳು). ಅದೇ 50 ಕೋಟಿ ಜ್ಯೋತಿರ್ವರ್ಷದ ಅಳತೆಗೋಲು ಹಿಡಿದು ನೋಡಿದರು. ಡೆಸಿ ಒಂದನ್ನೇ ತಗೊಂಡರೆ ಈಗಿನ ಮಾದರಿಗೆ ತೊಂದರೆ ಇಲ್ಲ. ಆದಿಯ ಬೆಳಕು, ಸೂಪರ್ನೋವಾ ಜೊತೆ ಸೇರಿಸಿದರೆ ಡಾರ್ಕ್ ಎನರ್ಜಿ ಕಾಲ ಕಳೆದಂತೆ ಬದಲಾಗುತ್ತಿದೆ ಅನ್ನುವ ಸುಳಿವು ಬರುತ್ತದೆ, ಯಾವ ಸೂಪರ್ನೋವಾ ಪಟ್ಟಿ ಸೇರಿಸುತ್ತೀರಿ ಅನ್ನುವುದರ ಮೇಲೆ 2.8ರಿಂದ 4.2 ಸಿಗ್ಮಾವರೆಗೆ (ಇದು ಆಕಸ್ಮಿಕ ಅಲ್ಲ ಅನ್ನುವ ಖಾತರಿಯ ಅಳತೆ). ಪತ್ತೆಯಾಯಿತು ಅನ್ನಲು 5 ಬೇಕು. ನಾನಂತೂ ಇನ್ನೂ ಕಾಯುತ್ತೇನೆ. ಆದರೆ ಈ ತಂಡದ ಒಂದು ರೀತಿ ನನಗೆ ಬಹಳ ಹಿಡಿಸಿತು: ಮೊದಲ ವರ್ಷದ ವಿಶ್ಲೇಷಣೆ ಮಾಡುವಾಗ ಅಂಕಿಗಳನ್ನು ಬೇಕಂತಲೇ ಗುಟ್ಟಾಗಿ ಸರಿಸಿ ಇಟ್ಟಿದ್ದರು. ವಿಧಾನ ಪೂರ್ತಿ ಗಟ್ಟಿಯಾಗುವವರೆಗೆ ನಿಜವಾದ ಉತ್ತರ ತಂಡದವರಿಗೂ ಕಾಣಬಾರದು, ಕಂಡರೆ ಮನಸ್ಸು ತನಗೆ ಬೇಕಾದ ಕಡೆ ವಾಲುತ್ತದೆ ಅಂತ.

ನಮ್ಮ ಕರ್ನಾಟಕದಲ್ಲಿ ಇಂಥ ಪರೀಕ್ಷೆ ನಡೆದಿದೆಯಾ?

ನಡೆದಿದೆ, ಅದೂ ಹಾವೇರಿಯವರಿಗೆ ದೂರವಲ್ಲದ ಶರಾವತಿ ಹಿನ್ನೀರಿನಲ್ಲಿ! 2018ರಲ್ಲಿ ಎಡ್ಜಸ್ ಅನ್ನುವ ತಂಡ, ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಆಂಟೆನಾದಿಂದ, ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ ಸಂಕೇತ, ಅಂದರೆ ರೇಡಿಯೋ ಅಲೆಗಳಲ್ಲಿ ಒಂದು ತಗ್ಗು, ಸಿಕ್ಕಿತು ಅಂದಿತು. ಸಂಕೇತ ಅಂದುಕೊಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಆಳ ಇತ್ತು. ಡಾರ್ಕ್ ಮ್ಯಾಟರ್ ಏನೋ ವಿಚಿತ್ರ ಮಾಡಿ ಹೈಡ್ರೋಜನ್ನನ್ನು ತಣ್ಣಗೆ ಮಾಡಿರಬೇಕು ಅಂತ ಹೊಸ ಹೊಸ ಮಾದರಿಗಳು ಬಂದವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್-3 ಅನ್ನುವ ಆಂಟೆನಾ ಕಟ್ಟಿದರು. ನೆಲದ ಮೇಲಿಟ್ಟರೆ ಕೆಳಗಿನ ಮಣ್ಣು ಕಲ್ಲಿನ ಪದರಗಳು ಸಂಕೇತವನ್ನು ಕೆಡಿಸುತ್ತವೆ, ನೀರು ಎಲ್ಲ ಕಡೆ ಒಂದೇ ಸಮ. ಹಾಗಾಗಿ 2020ರಲ್ಲಿ ತೆಪ್ಪದ ಮೇಲೆ ಆಂಟೆನಾ ಇಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಎಡ್ಜಸ್ ಹೇಳಿದ ಆಕಾರದ ಸಂಕೇತ ಅಲ್ಲಿ ಸಿಗಲಿಲ್ಲ. 2022ರಲ್ಲಿ ಶೇಕಡಾ 95.3 ವಿಶ್ವಾಸದಿಂದ ಅದನ್ನು ತಳ್ಳಿಹಾಕಿದರು. ವಿಚಿತ್ರ ಡಾರ್ಕ್ ಮ್ಯಾಟರ್ ಬೇಕಾಗಲಿಲ್ಲ. ಶಾಲೆ ಮಕ್ಕಳಿಗೆ ವಿಜ್ಞಾನ ಅಂದರೇನು ಅಂತ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಸರಸ್ವತಿ ಅಂತ ಒಂದು ಮಹಾ ಗುಂಪು ಸಿಕ್ಕಿತ್ತಲ್ಲ, ಅದೂ ಇದೇನಾ?

ಹೆಸರು ಹತ್ತಿರ, ವಿಷಯ ಬೇರೆ. 2017ರಲ್ಲಿ ಪುಣೆಯ ಐಯುಕಾ ಮತ್ತು ಐಸರ್ ಖಗೋಳಜ್ಞರು ಮೀನ ರಾಶಿಯ ಕಡೆ, 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸುಮಾರು 60 ಕೋಟಿ ಜ್ಯೋತಿರ್ವರ್ಷ ಅಗಲದ ಗ್ಯಾಲಕ್ಸಿ ಸಮೂಹ ಕಂಡುಹಿಡಿದರು. ದತ್ತಾಂಶ ಅದೇ ಸ್ಲೋನ್ ಸರ್ವೇಯದು. ಇಂಥ ದೊಡ್ಡವು ಅಪರೂಪಕ್ಕೆ ಒಂದೆರಡು ಸಿಕ್ಕರೆ ಮಾದರಿ ತಡೆದುಕೊಳ್ಳುತ್ತದೆ, ಎಲ್ಲೆಲ್ಲೂ ಸಿಗತೊಡಗಿದರೆ ತೊಂದರೆ.

ಇದರಿಂದ ಭೂಮಿಯ ಮೇಲಿನ ಭೌತಶಾಸ್ತ್ರಕ್ಕೆ ಏನಾದರೂ ಸಿಕ್ಕಿತಾ?

ನ್ಯೂಟ್ರಿನೋದ ತೂಕದ ಮೇಲೆ ಬಿಗಿಯಾದ ಮಿತಿ ಸಿಕ್ಕಿದೆ. ನ್ಯೂಟ್ರಿನೋ ಭಾರ ಇದ್ದಷ್ಟೂ ಗುಂಪುಗೂಡಿಕೆ ಮಂದವಾಗುತ್ತದೆ. ಪ್ಲಾಂಕ್ ಮತ್ತು ಗ್ಯಾಲಕ್ಸಿ ನಕ್ಷೆ ಸೇರಿಸಿದರೆ ಮೂರು ಬಗೆಯವೂ ಸೇರಿ 0.12 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಮ್ಮಿ. ಪ್ರಯೋಗಶಾಲೆಯಲ್ಲಿ ನೇರವಾಗಿ ಇಷ್ಟು ಬಿಗಿಯಾಗಿ ಅಳೆಯಲು ಇನ್ನೂ ಆಗಿಲ್ಲ.

ನಾನು ಬಿಎಸ್ಸಿ ಓದುತ್ತಿದ್ದೇನೆ. ದೂರದರ್ಶಕ ಇಲ್ಲದೆ ಏನಾದರೂ ಮಾಡಬಹುದಾ?

ಜೋಡಿ ಎಣಿಸಿ. ಸ್ಲೋನ್ ದತ್ತಾಂಶ ಪೂರ್ತಿ ಉಚಿತ, ಡೆಸಿಯ ಮೊದಲ ಕಂತೂ 2025ರ ಮಾರ್ಚ್‌ನಲ್ಲಿ ಎಲ್ಲರಿಗೂ ತೆರೆಯಿತು. ಪೈಥಾನ್ ಸ್ವಲ್ಪ ಬಂದರೆ ಸಾಕು, ಹತ್ತು ಸಾವಿರ ಗ್ಯಾಲಕ್ಸಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಎರಡು ಕಡೆ ಹುಷಾರಾಗಿರಿ. ರಾಂಡಮ್ ಚುಕ್ಕೆಗಳನ್ನು ಸರ್ವೇ ನೋಡಿದ ಜಾಗದ ಗಡಿಯೊಳಗೇ ಹಾಕಬೇಕು, ದೂರ ಹೆಚ್ಚಿದಂತೆ ಗ್ಯಾಲಕ್ಸಿ ಸಂಖ್ಯೆ ಹೇಗೆ ಇಳಿಯುತ್ತದೋ ಹಾಗೇ ಚುಕ್ಕೆಗಳೂ ಇಳಿಯಬೇಕು, ಇಲ್ಲದಿದ್ದರೆ ಗಡಿಯ ಆಕಾರವೇ ಗುಂಪುಗೂಡಿಕೆ ಥರ ಕಾಣುತ್ತದೆ. ಇನ್ನೊಂದು, ಗುಂಪಿನ ಒಳಗೆ ಗ್ಯಾಲಕ್ಸಿಗಳು ಓಡಾಡುವುದರಿಂದ ರೆಡ್‌ಶಿಫ್ಟ್ ಕಲಸಿಹೋಗಿ, ನಕ್ಷೆಯಲ್ಲಿ ಗುಂಪುಗಳೆಲ್ಲ ನಮ್ಮ ಕಡೆಗೇ ಚಾಚಿದ ಉದ್ದನೆಯ ಕಡ್ಡಿಗಳಂತೆ ಬರುತ್ತವೆ. ಅವು ನಿಜವಾದ ಆಕಾರ ಅಲ್ಲ. ಹತ್ತು ಸಾವಿರಕ್ಕೆ 50 ಕೋಟಿ ಜ್ಯೋತಿರ್ವರ್ಷದ ಉಬ್ಬು ಕಾಣುವುದಿಲ್ಲ, ಹುಡುಕಲು ಹೋಗಬೇಡಿ. ಮೊದಲು 2 ಕೋಟಿಯ ಹತ್ತಿರ ಎರಡು ಪಟ್ಟು ಬರುತ್ತಾ ನೋಡಿ. ಬರದಿದ್ದರೆ ರಾಂಡಮ್ ಪಟ್ಟಿಯನ್ನೇ ಮೊದಲು ಅನುಮಾನಿಸಿ.